ಲೂಪ್ ಒಳಗೊಂದು ಬಿಗಿನ್

ಮೊದಲ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಡೈರಿಗೆ ಹಾಲು ಹಾಕುವವರ ವಾರದ ಬಟವಾಡೆ ಲೆಕ್ಕ ಮಾಡುವ ಪ್ರೋಗ್ರಾಮ್ ನನ್ನ ಪಾಲಿಗೆ ಬಂತು. ಒರಾಕಲ್ ಡೇಟಾಬೇಸ್, ಬರೆಯಬೇಕಾದದ್ದು ಅದರದೇ ಭಾಷೆಯಾದ ಪಿಎಲ್-ಎಸ್‌ಕ್ಯೂಎಲ್‌ನಲ್ಲಿ. ಬರೀ ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ, ನನಗೆ ಗೊತ್ತಿತ್ತು. ಅದರಲ್ಲಿ ಏನು ಬೇಕು ಅಂತ ಹೇಳಿದರೆ ಸಾಕು, ಹೇಗೆ ತರಬೇಕು ಅನ್ನೋದನ್ನು ಡೇಟಾಬೇಸೇ ನೋಡಿಕೊಳ್ಳುತ್ತದೆ. ಇಲ್ಲಿ ಹಾಗಲ್ಲ, ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಹಾಲಿನ ಫ್ಯಾಟ್‌ಗೆ ತಕ್ಕ ದರ ಹುಡುಕಿ, ಲೀಟರಿಗೆ ಗುಣಿಸಿ, ಇನ್ನೊಂದು ಟೇಬಲ್‌ಗೆ ಬರೆಯೋ ತನಕ ಪ್ರತಿ ಹೆಜ್ಜೆಯನ್ನೂ ನಾವೇ ಹೇಳಬೇಕು. ಅದೇ ಹೆಜ್ಜೆಗಳನ್ನು ಪ್ರತಿಯೊಬ್ಬರಿಗೂ ಮತ್ತೆ ಮತ್ತೆ ಮಾಡಿಸೋದೇ ಲೂಪ್.

ಬ್ಲಾಕ್‌ನ (ಪ್ರೋಗ್ರಾಮ್‌ನ ಒಂದು ತುಂಡು) ಆಕಾರ ಬೇಗ ಅರ್ಥವಾಯಿತು. ಡಿಕ್ಲೇರ್‌ನಲ್ಲಿ ವೇರಿಯಬಲ್‌ಗಳು. ಅಂದರೆ ಲೆಕ್ಕದ ನಡುವೆ ಬೇಕಾದ ಅಂಕಿ-ಅಕ್ಷರ ಹಿಡಿದಿಡುವ ಹೆಸರುಗಳು. ಬಿಗಿನ್ ಆದಮೇಲೆ ಕೆಲಸ. ಎಕ್ಸೆಪ್ಶನ್‌ನಲ್ಲಿ, ತಪ್ಪಾದರೆ ಏನು ಮಾಡಬೇಕು ಅನ್ನೋದು. ಕೊನೆಗೆ ಎಂಡ್. ಎಲ್ಲ ಬರೆದು, ಎರರ್ ಬಂದು ನಿಲ್ಲಬಾರದು ಅಂತ ಎಕ್ಸೆಪ್ಶನ್‌ನಲ್ಲಿ 'ವೆನ್ ಅದರ್ಸ್ ದೆನ್ ನಲ್' ಅಂತ ಹಾಕಿದೆ. ಅಂದರೆ ಯಾವ ತಪ್ಪು ಬಂದರೂ ಸುಮ್ನೆ ಇರು ಅಂತ.

ಟೆಸ್ಟ್ ಡೇಟಾ ಮೇಲೆ ಓಡಿಸಿದೆ. 'ಸಕ್ಸಸ್‌ಫುಲಿ ಕಂಪ್ಲೀಟೆಡ್' ಅಂತ ಬಂತು. ಎಣಿಸಿದರೆ 412 ಜನರಲ್ಲಿ 37 ಜನರಿಗೆ ಮಾತ್ರ ಲೆಕ್ಕ ಆಗಿದೆ! ನಮ್ಮಮ್ಮನೂ ದಿನಾ ಡೈರಿಗೆ ಹಾಲು ಹಾಕೋರು. ಬಟವಾಡೆ ದಿನ ಮನೆಯಲ್ಲಿ ಏನೆಲ್ಲ ಕಾದಿರುತ್ತೆ ಅಂತ ನನಗೆ ಗೊತ್ತು. ಇದು ನಿಜವಾದ ಲೆಕ್ಕವಾಗಿದ್ದರೆ ಅಂತ ಎದೆ ಧಸಕ್ ಅಂದಿತು.

ಟೀಮ್‌ನ ಹಿರಿಯ ಮೇಡಂ ಪಕ್ಕ ಬಂದು ಕೂತರು. "ಮೊದಲು ಆ ನಲ್ ತೆಗೀರಿ, ಅದು ಏನು ಹೇಳುತ್ತೆ ಕೇಳೋಣ" ಅಂದರು. ತೆಗೆದ ಕೂಡಲೇ ಬಂತು: ಓಆರ್‌ಎ-01403, ನೋ ಡೇಟಾ ಫೌಂಡ್. 38ನೆಯವರ ಫ್ಯಾಟ್‌ಗೆ ದರದ ಟೇಬಲ್‌ನಲ್ಲಿ ಸಾಲೇ ಇರಲಿಲ್ಲ. 'ಸೆಲೆಕ್ಟ್ ಇನ್‌ಟು' ಬಳಸಿ ದರವನ್ನು ವೇರಿಯಬಲ್‌ಗೆ ತರುವಾಗ ಸರಿಯಾಗಿ ಒಂದೇ ಸಾಲು ಸಿಗಬೇಕು. ಸಿಗದಿದ್ದರೆ ನೋ ಡೇಟಾ ಫೌಂಡ್, ಜಾಸ್ತಿ ಸಿಕ್ಕರೆ ಟೂ ಮೆನಿ ರೋಸ್.

"ನಿಮ್ಮ ಎಕ್ಸೆಪ್ಶನ್ ಎಲ್ಲಿದೆ ನೋಡಿ. ಲೂಪ್‌ನ ಹೊರಗೆ ಅಲ್ವಾ? ತಪ್ಪಾದ ತಕ್ಷಣ ಅಲ್ಲಿಗೆ ಹಾರುತ್ತೆ. ಹಾರಿದ ಮೇಲೆ ಲೂಪ್‌ಗೆ ವಾಪಸ್ ಬರೋ ದಾರಿ ಇಲ್ಲ."

ಬ್ಲಾಕ್ ಒಳಗೆ ಬ್ಲಾಕ್ ಇಡಬಹುದು ಅಂತ ಓದಿದ್ದೆ, ಯಾಕೆ ಬೇಕು ಅಂತ ಗೊತ್ತಾಗಿದ್ದು ಆವತ್ತೇ. ಲೂಪ್ ಒಳಗೆ ಇನ್ನೊಂದು ಬಿಗಿನ್, ಎಕ್ಸೆಪ್ಶನ್, ಎಂಡ್ ಬರೆದೆ. ನಲ್ ಬದಲು, ಯಾರ ಲೆಕ್ಕ ನಿಂತಿತೋ ಅವರ ಸದಸ್ಯ ಸಂಖ್ಯೆ ಮತ್ತು ಎರರ್ ಸಂದೇಶ ಬೇರೆ ಟೇಬಲ್‌ಗೆ ಹೋಗುವಂತೆ ಮಾಡಿದೆ. ಹಳೆಯದನ್ನು ಅಳಿಸಿ ಮತ್ತೆ ಓಡಿಸಿದೆ. 411 ಲೆಕ್ಕ, ಎರರ್ ಟೇಬಲ್‌ನಲ್ಲಿ ಒಂದು ಸಾಲು.

ಆ ಒಬ್ಬರ ದರ ಸೇರಿಸಿಯೇ ಮನೆಗೆ ಹೊರಟೆ.