ಲೆಕ್ಕ ಕೇಳಿದ್ದಕ್ಕೆ ರೇಟೇ ಹೊರಟುಹೋಯ್ತು

ಜನವರಿ ಮೂರನೇ ವಾರ. ಅರೇಬಿಕಾ ಪಾರ್ಚ್‌ಮೆಂಟ್, ಅಂದ್ರೆ ಹಣ್ಣಿನ ತಿರುಳು ತೆಗೆದು ತೊಳೆದು ಒಣಗಿಸಿದ, ಒಳಸಿಪ್ಪೆ ಇನ್ನೂ ಇರೋ ಕಾಫಿ, ಬರೋ ಕಾಲ. ಚಿಕ್ಕಮಗಳೂರಿನ ನಮ್ಮ ಕಾಫಿ ಮಂಡಿಯಲ್ಲಿ ಆ ದಿನಗಳಲ್ಲಿ ಊಟಕ್ಕೆ ಏಳೋಕೂ ಪುರುಸೊತ್ತಿರಲ್ಲ. ಎರಡೂವರೆಗೆ ಲಂಡನ್ ಕಾಫಿ ಮಾರುಕಟ್ಟೆ ಓಪನ್, ಎರಡೂಮುಕ್ಕಾಲಿಗೆ ನ್ಯೂಯಾರ್ಕ್ ಓಪನ್, ಅಲ್ಲಿಂದ ರಾತ್ರಿವರೆಗೂ ಫೋನು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿದ ಮೇಲಂತೂ ಟರ್ಮಿನಲ್, ಅಂದ್ರೆ ಆ ಮಾರುಕಟ್ಟೆಗಳ ವಾಯಿದಾ ಬೆಲೆ, ನೋಡದೆ ಯಾರೂ ಒಂದು ಮೂಟೆಗೂ ರೇಟ್ ಫಿಕ್ಸ್ ಮಾಡಲ್ಲ.

ದಿನದ ರೇಟನ್ನು ಬೆಳೆಗಾರರಿಗೆ ವಾಟ್ಸಾಪ್ ಮಾಡೋದಕ್ಕೆ ಎನ್‌ಏಟ್‌ಎನ್ ಅನ್ನೋ ಆಟೊಮೇಷನ್ ಸಾಫ್ಟ್‌ವೇರಿನಲ್ಲಿ ನಾನೇ ಕಟ್ಟಿದ ವರ್ಕ್‌ಫ್ಲೋ, ಅಂದ್ರೆ ತಾನಾಗೇ ನಡೆಯೋ ಕೆಲಸಗಳ ಸರಣಿ, ಇತ್ತು. ಹೆಸರು ‘ರೇಟ್’. ಯಜಮಾನ್ರು ಬೆಳಿಗ್ಗೆ ಶೀಟಿನಲ್ಲಿ ಟರ್ಮಿನಲ್, ಡಾಲರ್, ಡಿಫರೆನ್ಷಿಯಲ್ (ಟರ್ಮಿನಲ್‌ಗಿಂತ ನಮ್ಮ ಕಾಫಿಗೆ ಎಷ್ಟು ಹೆಚ್ಚು ಕಡಿಮೆ ಅನ್ನೋದು) ತುಂಬಿ ಬಟನ್ ಒತ್ತಿದ್ರೆ ಎಪಿ, ಎಸಿ, ಆರ್‌ಪಿ, ಆರ್‌ಸಿ (ಅರೇಬಿಕಾ, ರೋಬಸ್ಟಾ ಎರಡರ ಪಾರ್ಚ್‌ಮೆಂಟ್ ಮತ್ತು ಹಣ್ಣನ್ನೇ ಒಣಗಿಸಿದ ಚೆರ್ರಿ) ನಾಲ್ಕೂ ಲೆಕ್ಕ ಹಾಕಿ 412 ನಂಬರಿಗೆ ಕಳಿಸುತ್ತಿತ್ತು. ಎರಡು ಸೀಸನ್ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ.

ಆಮೇಲೆ ಎಂಸಿಪಿ ಬಂತು. ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್. ಆಂಥ್ರಾಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಹೊರತಂದದ್ದು, ಮುಂದೆ ಓಪನ್‌ಎಐ, ಗೂಗಲ್ ಕೂಡ ಒಪ್ಪಿಕೊಂಡವು. ಎಐ ಅಸಿಸ್ಟೆಂಟ್ ಯಾವುದೇ ಇರಲಿ, ಹೊರಗಿನ ಸಾಫ್ಟ್‌ವೇರ್ ಯಾವುದೇ ಇರಲಿ, ಮಾತಾಡೋ ರೀತಿ ಒಂದೇ. ‘ನಿನ್ನ ಹತ್ರ ಯಾವ ಟೂಲ್ ಇದೆ’ ಅಂತ ಅಸಿಸ್ಟೆಂಟ್ ಕೇಳುತ್ತೆ, ಸರ್ವರ್ ಹೆಸರು, ವಿವರಣೆ, ಯಾವ್ಯಾವ ಮಾಹಿತಿ ಬೇಕು ಅನ್ನೋದನ್ನ ಪಟ್ಟಿ ಮಾಡಿ ಕೊಡುತ್ತೆ. ಯಾವ ಟೂಲನ್ನು ಯಾವಾಗ ಕರೀಬೇಕು ಅನ್ನೋದನ್ನ ಮಾಡೆಲ್ ಆ ಪಟ್ಟಿ ಓದಿ ತೀರ್ಮಾನಿಸುತ್ತೆ. ವರ್ಕ್‌ಫ್ಲೋ ಒಳಗೆ ಎಷ್ಟು ನೋಡ್, ಅಂದ್ರೆ ಹೆಜ್ಜೆ, ಇದೆ, ಕೊನೆಯ ನೋಡ್ ಏನು ಮಾಡುತ್ತೆ ಅನ್ನೋದು ಅದರ ಕಣ್ಣಿಗೆ ಬೀಳಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆನಲ್ಲ, ಅದಕ್ಕೇ ಇವತ್ತಿಗೂ ಚುಚ್ಚುತ್ತೆ.

ಯಜಮಾನ್ರಿಗೆ ನಮ್ಮ ವರ್ಕ್‌ಫ್ಲೋಗಳನ್ನ ಅಸಿಸ್ಟೆಂಟಿಗೆ ಜೋಡಿಸೋ ಕೆಲಸ ಸೀಸನ್ ಶುರುವಾಗೋ ಮುಂಚೆ ಆಗಬೇಕಿತ್ತು. ‘ಕೇಳಿದ ತಕ್ಷಣ ಹೇಳಬೇಕು ಕಣಪ್ಪ, ಸ್ಟಾಕ್ ಎಷ್ಟಿದೆ, ಯಾರದು ಎಷ್ಟು ಬಾಕಿ, ಇವತ್ತು ಎಪಿ ಎಷ್ಟು’ ಅಂದ್ರು. ಒಂದು ವಾರ ಟೈಮ್ ಕೊಟ್ರು. ಟೆಸ್ಟ್ ಮಾಡೋಕೆ ಬೇರೆ ನಂಬರ್ ಪಟ್ಟಿ ಮಾಡ್ತೀನಿ ಅಂದ್ರೆ ‘ಅದೆಲ್ಲ ಆಮೇಲೆ’ ಅಂದ್ರು. ಆಮೇಲೆ ಬರಲೇ ಇಲ್ಲ. ನಾನೂ ಪಟ್ಟು ಹಿಡಿಯಲಿಲ್ಲ. ಎನ್‌ಏಟ್‌ಎನ್‌ನಲ್ಲಿ ಎಂಸಿಪಿ ಸರ್ವರ್ ಟ್ರಿಗರ್ ನೋಡ್ ಇಟ್ಟು, ಇದ್ದ ನಾಲ್ಕು ವರ್ಕ್‌ಫ್ಲೋಗಳನ್ನೇ ಟೂಲ್ ಆಗಿ ಸಿಕ್ಕಿಸಿ, ಬೇರರ್ ಟೋಕನ್ ಅನ್ನೋ ಗುಪ್ತ ಕೀಲಿ ಹಾಕಿ, ಅದರ ವಿಳಾಸವನ್ನು (ಪ್ರೊಡಕ್ಷನ್ ಯುಆರ್‌ಎಲ್) ಅಸಿಸ್ಟೆಂಟಿಗೆ ಕೊಟ್ಟೆ. ‘ರೇಟ್’ ಟೂಲಿನ ವಿವರಣೆಯಲ್ಲಿ ಬರೆದದ್ದು ಒಂದೇ ಸಾಲು: ‘ಕಾಫಿ ರೇಟ್ ಲೆಕ್ಕ ಹಾಕುತ್ತದೆ’. ನ್ಯೂಯಾರ್ಕ್ ಬೆಲೆಯ ಜಾಗವನ್ನು ಮಾಡೆಲ್ಲೇ ತುಂಬಲಿ ಅಂತ ಬಿಟ್ಟೆ.

ಇನ್ನೊಂದು ತಪ್ಪು ಮೂರನೇ ದಿನ ಮಾಡಿದೆ. ಟೂಲ್ ಕರೆಯೋ ಮುಂಚೆ ಅಸಿಸ್ಟೆಂಟ್ ಪ್ರತಿಸಲ ‘ಅನುಮತಿ ಕೊಡ್ತೀರಾ’ ಅಂತ ಕೇಳುತ್ತಿತ್ತು. ಅಕೌಂಟ್ಸ್ ಮೇಡಂ ‘ಸಾರ್, ಒತ್ತಿ ಒತ್ತಿ ಸಾಕಾಯ್ತು’ ಅಂದ್ರು. ಅವರ ಮೇಜಿನ ಮುಂದೆ ಮೂರು ಜನ ಕಾಯ್ತಾ ಇದ್ರು. ನಾನು ಹೋಗಿ ನಾಲ್ಕೂ ಟೂಲಿಗೆ ‘ಯಾವಾಗಲೂ ಅನುಮತಿಸು’ ಇಟ್ಟು ಬಂದೆ. ಹತ್ತು ಸೆಕೆಂಡಿನ ಕೆಲಸ.

ಜನವರಿಯ ಆ ದಿನ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಆಲ್ದೂರು ಕಡೆಯ ಎಸ್ಟೇಟ್ ರೈಟರ್ (ತೋಟದ ಲೆಕ್ಕ ನೋಡೋರು) ಒಬ್ಬರು ಫೋನ್ ಮಾಡಿ ‘ನ್ಯೂಯಾರ್ಕ್ ಇನ್ನೂ 10 ಸೆಂಟ್ ಏರಿದ್ರೆ ಎಪಿ ಎಷ್ಟಾಗಬಹುದು ಮೇಡಂ’ ಅಂದ್ರಂತೆ. ಮೇಡಂ ಅದನ್ನ ಹಾಗೇ ಟೈಪ್ ಮಾಡಿದ್ರು. ಉತ್ತರ ಬಂತು: ಮೂಟೆಗೆ 780 ರೂಪಾಯಿ ಹೆಚ್ಚು. ಲೆಕ್ಕ ಸರಿಯಾಗೇ ಇತ್ತು. ಪೌಂಡಿಗೆ 10 ಸೆಂಟ್ ಅಂದ್ರೆ 50 ಕಿಲೋದ ಒಂದು ಮೂಟೆಗೆ ಸುಮಾರು 11 ಡಾಲರ್, ಪಾರ್ಚ್‌ಮೆಂಟಲ್ಲಿ ನೂರಕ್ಕೆ 80 ಸಿಪ್ಪೆ ತೆಗೆದ ಕ್ಲೀನ್ ಕಾಫಿ ಅಂತ ಹಿಡಿದ್ರೆ ಸುಮಾರು ಅಷ್ಟೇ ಬರೋದು. ಮೇಡಂ ಮೊದಲ ಸಾಲು ಓದಿ ಹೇಳಿ ಫೋನ್ ಇಟ್ರು. ಎರಡನೇ ಸಾಲಿನಲ್ಲಿ ‘ರೇಟ್ ಪಟ್ಟಿ ಕಳಿಸಲು ಶುರುವಾಗಿದೆ’ ಅಂತಿತ್ತು.

ಮೂರು ಹದಿಮೂರಕ್ಕೆ ನನ್ನ ಫೋನಿಗೇ ಆ ಮೆಸೇಜ್ ಬಂತು. ಪಟ್ಟಿಯಲ್ಲಿ ನನ್ನ ನಂಬರೂ ಇದೆ. ‘ಇಂದಿನ ದರ’ ಅಂತ ಮೇಲೆ ನಮ್ಮ ಮಂಡಿಯ ಹೆಸರು, ಕೆಳಗೆ ನಾವು ಕೊಡದ ರೇಟು. ಕೈ ತಣ್ಣಗಾಯ್ತು. ಓಡಿಹೋಗಿ ಎನ್‌ಏಟ್‌ಎನ್ ತೆಗೆದು ವರ್ಕ್‌ಫ್ಲೋದ ಆಕ್ಟಿವ್ ಸ್ವಿಚ್ ಆಫ್ ಮಾಡಿದೆ. ಉಸಿರು ಬಿಟ್ಟೆ. 175 ಜನಕ್ಕೆ ಹೋಗಿದೆ, ಇಷ್ಟಕ್ಕೇ ನಿಂತಿತು ಅಂದುಕೊಂಡು ಯಜಮಾನ್ರಿಗೆ ಹೇಳೋಕೆ ಎದ್ದೆ. ನಿಂತಿರಲಿಲ್ಲ. ಸ್ವಿಚ್ ಆಫ್ ಮಾಡಿದ್ರೆ ಹೊಸದಾಗಿ ಶುರುವಾಗಲ್ಲ ಅಷ್ಟೇ, ಆಗಲೇ ಓಡ್ತಿರೋದು ಓಡ್ತಾನೇ ಇರುತ್ತೆ. ಕಳಿಸುವ ಭಾಗ ಹಿನ್ನೆಲೆಯಲ್ಲಿ ಅರ್ಧ ನಿಮಿಷಕ್ಕೆ 25ರಂತೆ ಕಳಿಸ್ತಾ ಇತ್ತು. ಶೀಟಿನಲ್ಲಿ ‘ಕಳಿಸಿದೆ’ ಅನ್ನೋ ಕಾಲಂ ನನ್ನ ಕಣ್ಣೆದುರೇ 225, 250 ಅಂತ ಕೆಳಗೆ ತುಂಬ್ತಾ ಹೋಗೋದನ್ನ ನೋಡಿದೆ. ಆಗ ಹೊಳೀತು. ಎಕ್ಸಿಕ್ಯೂಷನ್ಸ್ ಪಟ್ಟಿಗೆ ಹೋಗಿ, ಓಡ್ತಿರೋದನ್ನ ಹುಡುಕಿ, ಸ್ಟಾಪ್ ಒತ್ತಿದಾಗ 300 ಆಗಿತ್ತು. ಆ 125 ಜನ ನನ್ನ ಲೆಕ್ಕಕ್ಕೇ ಸೇರಬೇಕು.

ಅಷ್ಟರಲ್ಲಿ ಲ್ಯಾಂಡ್‌ಲೈನ್, ಮೇಡಂ ಫೋನು, ಯಜಮಾನ್ರ ಎರಡೂ ಫೋನು ಒಟ್ಟಿಗೇ ಬಡ್ಕೊಳ್ಳೋಕೆ ಶುರುವಾದವು. ನಾನು ‘ತಪ್ಪಾಗಿ ಹೋಗಿದೆ, ಪರಿಗಣಿಸಬೇಡಿ ಅಂತ ಇನ್ನೊಂದು ಮೆಸೇಜ್ ಹಾಕ್ತೀನಿ’ ಅಂದೆ. ಯಜಮಾನ್ರು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ‘ಹಾಕು. ಆದ್ರೆ ಅದು ಹೋಗೋದಕ್ಕೆ ಮುಂಚೆ ಯಾರು ಫೋನ್ ಮಾಡಿ ಫಿಕ್ಸ್ ಅಂದ್ರೋ ಅವರಿಗೆ ಆ ರೇಟೇ. ನಮ್ಮ ಹೆಸರಲ್ಲಿ ಹೋಗಿದೆ’ ಅಂದ್ರು.

ನಾಲ್ಕೂಕಾಲಿಗೆ ಮಲ್ಲಂದೂರು ಕಡೆಯ ಪಿಕಪ್ ಗೇಟಿಗೆ ಬಂತು. 38 ಮೂಟೆ. ಬೇರೆ ಕಡೆ ಹಾಕೋಕೆ ಅಂತ ಹೊರಟವರು ನಮ್ಮ ಮೆಸೇಜ್ ನೋಡಿ ಫೋನಲ್ಲೇ ಫಿಕ್ಸ್ ಮಾಡಿ ಗಾಡಿ ತಿರುಗಿಸಿದ್ರು. ವಯಸ್ಸಾದವರು. ಇಳಿದವರೇ ಫೋನನ್ನು ನನ್ನ ಮುಖದ ಹತ್ರ ಹಿಡಿದು ‘ಇದೇ ತಾನೇ ರೇಟು?’ ಅಂತ ಕೇಳಿದ್ರು. ಎರಡನೇ ಮೆಸೇಜೂ ಅದೇ ಪರದೆಯಲ್ಲಿ ಕೆಳಗೆ ಕಾಣ್ತಾ ಇತ್ತು. ‘ಹೌದು ಸಾರ್, ನಿಮಗೆ ಇದೇ’ ಅಂದೆ. ತೂಕ ಆಗೋವರೆಗೂ ಅವರು ಫೋನ್ ಜೇಬಿಗೆ ಹಾಕಲಿಲ್ಲ. ನಮ್ಮ ಮಾತಿನ ಮೇಲೆ ಆ ಒಂದು ಗಂಟೆಯಲ್ಲಿ ಬಂದ ಅನುಮಾನ ಅದು. ಅವತ್ತು ಒಟ್ಟು ಆರು ಜನ, 171 ಮೂಟೆ, 1,33,380 ರೂಪಾಯಿ ಹೆಚ್ಚು ಕೊಟ್ಟೆವು. ಯಜಮಾನ್ರು ನನ್ನ ಸಂಬಳದಲ್ಲಿ ಹಿಡಿಯಲಿಲ್ಲ. ಬೈಯಲೂ ಇಲ್ಲ.

ಅಸಿಸ್ಟೆಂಟಿನದಾಗಲಿ ಎನ್‌ಏಟ್‌ಎನ್‌ನದಾಗಲಿ ತಪ್ಪಿಲ್ಲ. ಲೆಕ್ಕ ಹಾಕುತ್ತೆ ಅಂತ ನಾನು ಬರೆದಿದ್ದೆ, ಲೆಕ್ಕ ಬೇಕಾದಾಗ ಅದು ಕರೀತು. ಆ ರಾತ್ರಿಯೇ ಕೂತು ಎರಡು ಭಾಗ ಮಾಡಿದೆ. ‘ರೇಟ್ ಲೆಕ್ಕ’ ಬೇರೆ, ಅದು ಶೀಟನ್ನೂ ಮುಟ್ಟಲ್ಲ. ‘ರೇಟ್ ಕಳಿಸು’ ಬೇರೆ, ಅದನ್ನ ಎಂಸಿಪಿಯಿಂದಲೇ ತೆಗೆದೆ. ಬೆಳೆಗಾರರಿಗೆ ಹೋಗೋ ಯಾವುದೇ ಮಾತು ಈಗ ಮೊದಲು ಯಜಮಾನ್ರ ಫೋನಿಗೆ ಹೋಗಿ, ಅವರು ಒಪ್ಪಿಗೆ ಒತ್ತೋವರೆಗೂ ವರ್ಕ್‌ಫ್ಲೋ ಕಾಯುತ್ತೆ. ಓದೋದಕ್ಕೆ ಮಾತ್ರ ಅಂತ ಟೂಲಿಗೆ ಗುರುತು ಹಾಕೋ ರೀಡ್‌ಓನ್ಲಿ ಹಿಂಟ್ ಎಂಸಿಪಿಯಲ್ಲಿದೆ, ಆದ್ರೆ ಅದು ಬರೀ ಸೂಚನೆ, ಬೀಗ ಅಲ್ಲ. ಅದನ್ನ ನಂಬಿ ಕಳಿಸೋ ನೋಡನ್ನು ಒಳಗಿಡೋ ಧೈರ್ಯ ನನಗಿನ್ನಿಲ್ಲ. ಟೂಲ್ ಕರೆಯನ್ನು ಬೇಡ ಅನ್ನೋದಕ್ಕೆ ಒಬ್ಬ ಮನುಷ್ಯ ಇರಲಿ ಅಂತ ಆ ಪ್ರೊಟೊಕಾಲ್‌ನ ದಾಖಲೆಯಲ್ಲೇ ಬರೆದಿದೆ. ಓದಿದ್ದೆ ಕೂಡ.

ಅನುಮತಿ ಕೇಳೋದನ್ನೂ ವಾಪಸ್ ತಂದೆ. ಮೇಡಂ ಈಗ ‘ಸಾಕಾಯ್ತು’ ಅನ್ನಲ್ಲ. ಟೂಲಿನ ಹೆಸರು, ಒಳಗೆ ತುಂಬಿರೋ ಸಂಖ್ಯೆ ಎರಡನ್ನೂ ಜೋರಾಗಿ ಓದಿ, ನನ್ನ ಕಡೆ ಒಮ್ಮೆ ನೋಡಿ, ಆಮೇಲೆ ಒತ್ತುತ್ತಾರೆ.