ಸುಡುತ್ತಿದ್ದ ಬಾನೆಟ್

"ನೀವು ಅಷ್ಟು ದೂರದಿಂದ ಬರ್ತಿದ್ದೀರಲ್ಲ ಅಂತ ಆಗಲೇ ಸ್ಟಾರ್ಟ್ ಮಾಡಿ, ಒಂದು ರೌಂಡ್ ಹೊಡೆದು ರೆಡಿ ಇಟ್ಟಿದ್ದೀನಿ."

ಮೊನ್ನೆ ಹಳೇ ಕಾರು ಮಾರುವವರು ಹೀಗಂದಾಗ, ಅದನ್ನು ಕೊಳ್ಳಲು ನನ್ನ ಜೊತೆ ಬಂದಿದ್ದ ಗೆಳೆಯ ಥ್ಯಾಂಕ್ಸ್ ಬೇರೆ ಹೇಳಿದ. ರಾತ್ರಿಯಿಡೀ ಕೂತು ಪ್ರಯಾಣ ಮಾಡಿದವನಿಗೆ ಉಪಚಾರದ ಮಾತು ಹಿತವೇ. ಬಾನೆಟ್ ಮುಟ್ಟಿದರೆ ಸುಡುತ್ತಿತ್ತು. ವಾರವಾಗುತ್ತ ಬಂದರೂ ಆ ಮಾತು ತಲೆಯಲ್ಲಿ ಸುತ್ತುತ್ತಲೇ ಇದೆ.

ಹಳೇ ಎಂಜಿನ್ ಗುಟ್ಟು ಬಿಟ್ಟುಕೊಡುವುದು ದಿನದ ಮೊದಲ ಸ್ಟಾರ್ಟಿನಲ್ಲಿ, ಅದೂ ಮೊದಲ ಕೆಲವು ಸೆಕೆಂಡುಗಳಲ್ಲಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಆಯಿಲ್ ಎಂಜಿನ್ ತಳದ ತೊಟ್ಟಿಗೆ ಇಳಿದಿರುತ್ತದೆ. ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಆಯಿಲ್ ಒತ್ತಡದಿಂದ ಕೆಲಸ ಮಾಡುವಂಥದ್ದಾದರೆ, ಒತ್ತಡ ಏರುವ ತನಕ ಅದಕ್ಕೆ ಬಿಗಿ ಇರುವುದಿಲ್ಲ. ಚೈನ್ ಸವೆದು ಉದ್ದವಾಗಿದ್ದರೆ ಪಕ್ಕದ ಗೈಡ್ ಪಟ್ಟಿಗೆ ಬಡಿದು ಗರಗರ ಅನ್ನುತ್ತದೆ. ಆಯಿಲ್ ತಡೆಯುವ ವಾಲ್ವ್ ಸೀಲ್ ಗಟ್ಟಿಯಾಗಿದ್ದರೆ ರಾತ್ರಿ ಸಿಲಿಂಡರಿಗೆ ಜಿನುಗಿದ ಆಯಿಲ್ ಸುಟ್ಟು, ಸೈಲೆನ್ಸರಿನಿಂದ ಒಂದು ಗುಕ್ಕು ನೀಲಿ ಹೊಗೆ ಬರುತ್ತದೆ. ಪಿಸ್ಟನ್ ಸವೆದಿದ್ದರೆ ಟಕಟಕ ಸದ್ದು. ಲೋಹ ಬಿಸಿಯಾಗಿ ಹಿಗ್ಗಿದ ಮೇಲೆ ಅದು ಹುಡುಕಿದರೂ ಸಿಗದು. ಡೀಸೆಲ್ ಗಾಡಿಯ ಸತ್ತ ಗ್ಲೋ ಪ್ಲಗ್ (ಸ್ಟಾರ್ಟಿಗೆ ಮುಂಚೆ ಸಿಲಿಂಡರ್ ಬಿಸಿ ಮಾಡುವಂಥದ್ದು), ಸೊರಗಿದ ಬ್ಯಾಟರಿ ಎಲ್ಲವೂ ಇದೇ ಸಾಲಿನವು. ಒಂದು ರೌಂಡ್ ಹೊಡೆದರೆ ಇಷ್ಟೂ ಮುಚ್ಚಿಹೋಗುತ್ತದೆ.

ಬಾನೆಟ್ ಮುಟ್ಟಿ ನೋಡುವುದು ಅಂದಾಜಿನ ವಿಧಾನ. ಬಿಸಿಲಲ್ಲಿ ನಿಂತ ಗಾಡಿಯ ಬಾನೆಟ್ಟೂ ಸುಡುತ್ತದೆ. ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿ) ಚಿಕ್ಕ ಸ್ಕ್ಯಾನರ್ ಚುಚ್ಚಿ, ಎಂಜಿನ್ ಶುರು ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವದ ಉಷ್ಣತೆ ನೋಡಬೇಕು. ರಾತ್ರಿಯೆಲ್ಲ ನಿಂತಿದ್ದರೆ ಅದಕ್ಕೂ ಹೊರಗಿನ ಹವೆಗೂ ಕೆಲವೇ ಡಿಗ್ರಿ ವ್ಯತ್ಯಾಸ. ಇಲ್ಲಿ ಹೊರಗೆ 24, ಕೂಲಂಟ್ 71. ಅದೇ ಸ್ಕ್ಯಾನರಿನಲ್ಲಿ, ದೋಷ ದಾಖಲಿಸುವ ಫಾಲ್ಟ್ ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಅನ್ನುವುದೂ ಸಾಮಾನ್ಯವಾಗಿ ಸಿಗುತ್ತದೆ. ಆ ಅಂಕಿ ಹತ್ತಿಪ್ಪತ್ತರಲ್ಲಿದ್ದು, ಗಾಡಿಯ ಸ್ವಯಂ ತಪಾಸಣೆ ಮುಗಿಯಿತೇ ಅಂತ ಹೇಳುವ ರೆಡಿನೆಸ್ ಮಾನಿಟರುಗಳು ಅಪೂರ್ಣ ಅಂತ ತೋರಿಸಿದರೆ, ಯಾರೋ ಈಚೆಗೆ ಕೋಡ್ ಒರೆಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಬ್ಯಾಟರಿ ಹೊಸದು ಅಂದರೆ ಬಿಲ್ ಕೇಳುವುದು, ಅಷ್ಟೇ.

ಇಲ್ಲಿ ಆ ಅಂಕಿ ಸಾವಿರ ದಾಟಿತ್ತು. ಸರ್ವೀಸ್ ಬಿಲ್ಲುಗಳು ತಾರೀಖಿನ ಪ್ರಕಾರ ಫೈಲಿನಲ್ಲಿದ್ದವು. ಆತ ಮೋಸಗಾರ ಅಂತ ನನಗೆ ಈಗಲೂ ಅನಿಸುವುದಿಲ್ಲ; ನೆಂಟರು ಬರುತ್ತಾರೆಂದು ಅಂಗಳ ಗುಡಿಸುವ ಹಾಗೆ ಗಾಡಿ ಬಿಸಿ ಮಾಡಿಟ್ಟಿರಬಹುದು. ಆದರೆ ಮೋಸಗಾರ ಬಿಸಿ ಮಾಡಿದರೂ ಒಳ್ಳೆಯವನು ಬಿಸಿ ಮಾಡಿದರೂ ನಮಗೆ ಕೇಳಿಸದೆ ಹೋಗುವ ಸದ್ದು ಅದೇ. ನಾವು ಹೊರಡುವ ಮುಂಚೆ "ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಎಂದು ಮೆಸೇಜ್ ಕಳಿಸಿದ್ದೆವು. ಅದಕ್ಕೆ ಅವರು ಒತ್ತಿದ ಹೆಬ್ಬೆರಳಿನ ಚಿತ್ರ ಇನ್ನೂ ಫೋನಿನಲ್ಲಿದೆ.

"ಅಷ್ಟು ದೂರದಿಂದ." ನನಗೆ ಹೆಚ್ಚು ಕಾಡಿದ್ದು ಇದು. ದೂರದ ಗಾಡಿ ನೋಡಲು ಹೋದವನು ಅರ್ಧ ಮಾಲೀಕನಾಗಿಯೇ ಬಸ್ಸಿಳಿಯುತ್ತಾನೆ. ಗೆಳೆಯ ವಾಪಸ್ ಟಿಕೆಟ್ಟೇ ಮಾಡಿಸಿರಲಿಲ್ಲ, ಗಾಡಿಯಲ್ಲೇ ಬರ್ತೀವಲ್ಲ ಅಂತ. ನಾನು ರದ್ದು ಮಾಡಬಹುದಾದ ಎರಡು ಸೀಟು ಹಿಡಿದಿಟ್ಟಿದ್ದಕ್ಕೆ ಅಪಶಕುನ ಅಂದಿದ್ದ. ಬುದ್ಧಿವಂತ, ಆದರೆ ಇಷ್ಟವಾದ ಬಣ್ಣದ ಮುಂದೆ ಮಗು. ಹೋಗಿಬರುವ ಖರ್ಚು, ಒಂದು ರಾತ್ರಿಯ ರೂಮು ಇವೆಲ್ಲ ಪರೀಕ್ಷೆಯ ಶುಲ್ಕ. ಗಾಡಿ ತಗೊಂಡರೂ ಬಿಟ್ಟರೂ ಹೋದ ಹಣ. ಅದನ್ನು ಚೌಕಾಸಿಯ ಲೆಕ್ಕಕ್ಕೆ ತಂದ ಕ್ಷಣವೇ ಚೌಕಾಸಿ ಮುಗಿಯಿತು.

ನಾಳೆ ಬೆಳಿಗ್ಗೆ ಮತ್ತೆ ಬರುತ್ತೇವೆ, ಅಲ್ಲಿಯವರೆಗೆ ಮುಟ್ಟಬೇಡಿ ಅಂದೆವು. ಅವರ ಮುಖ ಸಪ್ಪಗಾಯಿತು. ಉಳಿದ ಹೊತ್ತು ಗಾಡಿಯ ಮೈ ನೋಡುವುದಕ್ಕೆ. ಬಣ್ಣದ ದಪ್ಪ ಅಳೆಯುವ ಪೇಂಟ್ ಮೀಟರ್, ಕಂಪನಿ ಬಣ್ಣದ ಮೇಲೆ ಸಾಮಾನ್ಯವಾಗಿ 80ರಿಂದ 180 ಮೈಕ್ರಾನ್ ತೋರಿಸುತ್ತದೆ. ಎಡಗಡೆ ಹಿಂದಿನ ಬಾಗಿಲು 290, ಅಂದರೆ ಮೇಲೊಂದು ಕೋಟ್. 600, 800 ಬಂದಿದ್ದರೆ ಪುಟ್ಟಿ ಮೆತ್ತಿದ ಅನುಮಾನ ಪಡಬೇಕಿತ್ತು. ಟೈರ್ ತಯಾರಾದ ತಾರೀಖು ಅದರ ಪಕ್ಕದ ಮೇಲಿನ ಕೋಡಿನ ಕೊನೆಯ ನಾಲ್ಕು ಅಂಕಿಗಳಲ್ಲಿರುತ್ತದೆ: 2321 ಅಂದರೆ 2021ರ 23ನೇ ವಾರ. ಸೀಟ್‌ಬೆಲ್ಟ್ ಪೂರ್ತಿ ಎಳೆದು ತುದಿಯವರೆಗೆ ನೋಡಬೇಕು. ನೀರಲ್ಲಿ ನಿಂತ ಗಾಡಿಯ ಕಾರ್ಪೆಟ್ ತೊಳೆಯುವವರೂ ಬೆಲ್ಟಿನ ಒಳಸುರುಳಿಯ ಕೆಸರಿನ ಗೆರೆ ಮರೆಯುತ್ತಾರೆ. ಸೀಟಿನ ರೈಲು, ಸ್ಟೆಪ್ನಿ ಗುಂಡಿ, ಚಾಸಿ ನಂಬರ್, ಎಲ್ಲವೂ ಸರಿಯಿತ್ತು. ಗೆಳೆಯ ಅಷ್ಟು ಹೊತ್ತೂ ಒಳಗೆ ಕೂತು ಫೋನಿಗೆ ಬ್ಲೂಟೂತ್ ಜೋಡಿಸುತ್ತಿದ್ದ.

ಮರುದಿನ ಸ್ಕ್ಯಾನರ್ ಕೂಲಂಟ್ 22 ಅಂದಿತು. ಕೀ ತಿರುಗಿಸಲು ಗೆಳೆಯನನ್ನೇ ಕೂರಿಸಿ, ನಾನು ಬಾನೆಟ್ ಎತ್ತಿ ಎಂಜಿನ್ನಿನ ಚೈನ್ ಕವರಿನ ಕಡೆ ನಿಂತು ವಿಡಿಯೋ ಮಾಡುತ್ತಿದ್ದೆ. ನಾಲ್ಕೈದು ಸೆಕೆಂಡು ಗರಗರ, ಆಮೇಲೆ ನಿಶ್ಶಬ್ದ. ಹೊಗೆ ಇಲ್ಲ. ಅರೆಕ್ಷಣದ ಸದ್ದಾಗಿದ್ದರೆ ಬಿಟ್ಟುಬಿಡಬಹುದಿತ್ತು. ಇಷ್ಟು ಹೊತ್ತಿನದು ಸವೆದ ಟೆನ್ಷನರ್ ಅಥವಾ ಉದ್ದವಾದ ಚೈನಿನ ಲಕ್ಷಣ. ಚೈನ್ ಹಲ್ಲು ಜಾರಿ ವಾಲ್ವ್ ಪಿಸ್ಟನ್ನಿಗೆ ತಾಗಿದರೆ ಎಂಜಿನ್ನೇ ಹೋಯಿತು, ಅದನ್ನು ನೂರಾರು ಕಿಲೋಮೀಟರ್ ಓಡಿಸಿಕೊಂಡು ಮನೆಗೆ ಬರುವುದಂತೂ ದೂರದ ಮಾತು.

ಮಾರುವವರು ಬೆಲೆ ಇಳಿಸಿದರು. ಇಳಿಸಿದ್ದು ಟೆನ್ಷನರ್ ಒಂದರ ಬೆಲೆಯಷ್ಟು. ಆದರೆ ಟೆನ್ಷನರ್ ತಲುಪಲು ಆ ಎಂಜಿನ್ನಿನಲ್ಲಿ ಚೈನ್ ಕವರ್ ಇಳಿಸಬೇಕು; ಅಷ್ಟು ಬಿಚ್ಚಿದ ಮೇಲೆ ಚೈನ್, ಗೈಡ್, ಸ್ಪ್ರಾಕೆಟ್, ಸೀಲ್, ಹೊಸ ಆಯಿಲ್ ಎಲ್ಲ ಒಟ್ಟಿಗೇ ಹಾಕುವುದು ಲೇಸು. ಬಿಡಿಭಾಗಕ್ಕಿಂತ ಕೂಲಿಯೇ ಹೆಚ್ಚು. ಅವರು ಕೆಲಸ ಮಾಡಿಸಿಕೊಡಲಿ, ಇಲ್ಲವೇ ಪೂರ್ತಿ ಖರ್ಚು ಕಳೆಯಲಿ ಅಂದೆವು. "ಸದ್ದು ನಿಂತೇ ಹೋಯ್ತಲ್ಲ" ಅಂದರು. ಗೆಳೆಯ ಬ್ಲೂಟೂತಿನಿಂದ ತನ್ನ ಫೋನಿನ ಹೆಸರು ಅಳಿಸಿ, ಕೀ ವಾಪಸ್ ಕೊಟ್ಟ.