ರೋಸ್ ಅಂತ ನೀನೇ ಹೇಳಿದ್ಯಲ್ಲಮ್ಮ

12 ದಿನ ಮನೆಯಲ್ಲಿ ಇರಲಿಲ್ಲ. ವಾಪಸ್ ಬಂದು, ಬ್ಯಾಗು ಬಾಗಿಲಲ್ಲೇ ಇಟ್ಟು, ಮೊದಲು ಕುಂಡಗಳ ಹತ್ತಿರ ಹೋದೆ. ಎಲ್ಲ ಗಿಡವೂ ಚೆನ್ನಾಗಿತ್ತು. ದಾಸವಾಳ ಎರಡು ಹೂ ಬಿಟ್ಟಿತ್ತು. ಮಲ್ಲಿಗೆ ಹೊಸ ಚಿಗುರು ಹಾಕಿತ್ತು. ಮೂಲೆಯ ಕುಂಡದಲ್ಲಿ ಮಾತ್ರ ಎಲೆಗಳೆಲ್ಲ ಹಳದಿಯಾಗಿ ಮಣ್ಣಿನ ಮೇಲೆ ಬಿದ್ದಿದ್ದವು. ಬುಡ ಮುಟ್ಟಿ ನೋಡಿದೆ. ಕಲ್ಲಿನ ಹಾಗೆ ಇರಬೇಕಾದ ಬುಡದೊಳಗೆ ಬೆರಳು ಇಳಿಯಿತು. ಕೊಳೆತ ವಾಸನೆ.

ಬೀಜ ಹಾಕಿ ಬೆಳೆಸಿದ ಗಿಡ ಅದು. 7 ವರ್ಷ ಆಗಿತ್ತು.

ಗಿಡಗಳಿಗೆ ನೀರು ಹಾಕೋಕೆ ಪಕ್ಕದ ಮನೆಯ ಅಕ್ಕನಿಗೆ ಹೇಳಿ ಹೋಗಿದ್ದೆ. ಒಂದು ದಿನವೂ ತಪ್ಪಿಸಿಲ್ಲ ಅವರು. ಅವರ ಸ್ವಭಾವವೇ ಹಾಗೆ, ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವರಲ್ಲ. ನಾನು ಕುಂಡದ ಮುಂದೆ ಕೂತಿದ್ದನ್ನು ನೋಡಿ ಅವರೇ ಬಂದರು. ಬುಡ ನೋಡಿದರು. ಮುಖ ಸಪ್ಪಗಾಯಿತು.

"ರೋಸ್ ಅಂತ ನೀನೇ ಹೇಳಿದ್ಯಲ್ಲಮ್ಮ. ಅದಕ್ಕೇ ದಿನಾ ತಪ್ಪದೆ ನೀರು ಹಾಕಿದೆ."

ಹೌದು, ಹೇಳಿದ್ದೆ. ಹೊರಡುವ ಅವಸರದಲ್ಲಿ ಕೈ ತೋರಿಸಿ, "ಅದು ದಾಸವಾಳ, ಇದು ಮಲ್ಲಿಗೆ, ಆ ಮೂಲೇಲಿರೋದು ಡೆಸರ್ಟ್ ರೋಸ್" ಅಂದಿದ್ದೆ. ಅಷ್ಟೇ. ಅಕ್ಕ ವರ್ಷಗಳಿಂದ ಗುಲಾಬಿ ಬೆಳೆಸುವವರು. ಗುಲಾಬಿಯಲ್ಲಿ ತಳಿಗೊಂದು ಹೆಸರು, ನೂರಾರು ಹೆಸರು. ಹಾಗೆ ಇದೂ ಒಂದು ಗುಲಾಬಿ ತಳಿ ಅಂದುಕೊಂಡಿದ್ದಾರೆ. ಕುಂಡದ ಗುಲಾಬಿ ಬಿಸಿಲಲ್ಲಿ ಒಣಗಬಾರದು ಅಂತ ಅವರಿಗೆ ಗೊತ್ತು. ಗೊತ್ತಿದ್ದನ್ನು ಸರಿಯಾಗಿಯೇ ಮಾಡಿದ್ದಾರೆ. ನಾನು ಕೊಟ್ಟ ಹೆಸರು ತಪ್ಪಾಗಿತ್ತು.

ಈ ವಾರವೆಲ್ಲ ಆ ಒಂದು ಮಾತೇ ಕಿವಿಯಲ್ಲಿದೆ.

ಆ ಗಿಡದ ಸಸ್ಯಶಾಸ್ತ್ರೀಯ ಹೆಸರು ಅಡೀನಿಯಮ್ ಒಬೀಸಮ್. ನನಗೆ ಅದು ಗೊತ್ತಿತ್ತು. ಒಬೀಸಮ್ ಅಂದರೆ ಲ್ಯಾಟಿನ್‌ನಲ್ಲಿ ದಪ್ಪಗಿರುವುದು, ಕೊಬ್ಬಿದ್ದು. ಆ ಗಿಡ ಯಾಕೆ ದಪ್ಪಗಿದೆ? ನೀರನ್ನು ಬುಡದಲ್ಲಿ ಕೂಡಿಟ್ಟುಕೊಳ್ಳುತ್ತದೆ, ಅದಕ್ಕೆ. ಮಳೆ ಅಪರೂಪವಾದ ಆಫ್ರಿಕಾ ಮತ್ತು ಅರೇಬಿಯಾದ ಒಣ ನೆಲದ ಗಿಡ ಅದು. ಬುಡ ತುಂಬಿರುವಾಗ ಮೇಲೆ ಮೇಲೆ ನೀರು ಸುರಿದರೆ ಕೊಳೆಯದೆ ಇನ್ನೇನಾಗುತ್ತದೆ? ಅದನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದರ ಮುಕ್ಕಾಲು ಪಾಲು ಆ ಒಂದು ಪದದಲ್ಲೇ ಇದೆ. 'ರೋಸ್' ಅನ್ನುವ ಪದದಲ್ಲಿ ಇರುವುದು ಅದಕ್ಕೆ ಪೂರ್ತಿ ಉಲ್ಟಾ.

ಆ ಹೆಸರು ಇಟ್ಟವನ ಕಥೆ ನೆನೆದರೆ ನನಗೆ ಪ್ರತಿ ಸಲ ಸಂಕಟವಾಗುತ್ತದೆ. ಪೀಟರ್ ಫೋರ್ಸ್ಕಾಲ್ ಅಂತ. ಗಿಡಗಳಿಗೆ ಎರಡು ಪದದ ಲ್ಯಾಟಿನ್ ಹೆಸರು ಇಡುವ ಪದ್ಧತಿ ತಂದ ಕಾರ್ಲ್ ಲಿನೇಯಸ್‌ನ ಶಿಷ್ಯ. 1761ರಲ್ಲಿ ಡೆನ್ಮಾರ್ಕ್ ರಾಜ ಕಳಿಸಿದ ತಂಡದ ಜೊತೆ ಅರೇಬಿಯಾಕ್ಕೆ ಹೊರಟ. 1763ರಲ್ಲಿ ಯೆಮನ್‌ನಲ್ಲಿ ಮಲೇರಿಯಾ ಬಂದು ಸತ್ತ. 31 ವರ್ಷ ವಯಸ್ಸು. ಹೋದ ಆರು ಜನರಲ್ಲಿ ಜೀವಂತವಾಗಿ ವಾಪಸ್ ಬಂದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಅವನು ಗೆಳೆಯನ ಟಿಪ್ಪಣಿಗಳನ್ನು ಜೋಪಾನ ಮಾಡಿ 1775ರಲ್ಲಿ ಅಚ್ಚು ಹಾಕಿಸಿದ. ನನ್ನ ಮೂಲೆಯ ಕುಂಡದ ಗಿಡ ಅದರಲ್ಲಿ ನೀರಿಯಮ್ ಒಬೀಸಮ್ ಅನ್ನುವ ಹೆಸರಲ್ಲಿದೆ. ನೀರಿಯಮ್ ಅಂದರೆ ಕಣಗಿಲೆಯ ಕುಲ. ಹೆಸರಿನ ಮೊದಲ ಪದ ಕುಲದ್ದು, ಹತ್ತಿರದ ನೆಂಟ ಗಿಡಗಳ ಗುಂಪಿನದು. ಎರಡರ ಹೂವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾಕೆ ಹಾಗೆ ಸೇರಿಸಿದ ಅಂತ ಯಾರಿಗಾದರೂ ಗೊತ್ತಾಗುತ್ತದೆ. ದಪ್ಪ ಬುಡದ ಕಣಗಿಲೆ! ಎಷ್ಟು ಸರಿಯಾಗಿ ನೋಡಿದ್ದಾನೆ. 1819ರಲ್ಲಿ ಅದನ್ನು ಬೇರೆ ಕುಲಕ್ಕೆ ಸೇರಿಸಿದರು. ಅಡೀನಿಯಮ್ ಅನ್ನುವ ಹೆಸರಿನೊಳಗೆ ಯೆಮನ್‌ನ ಏಡನ್ ಊರಿದೆ. 'ಒಬೀಸಮ್' ಮಾತ್ರ ಹಾಗೇ ಉಳಿಯಿತು. ಇವತ್ತಿಗೂ ಪೂರ್ತಿ ಹೆಸರು ಬರೆಯುವಾಗ ಕೊನೆಗೆ ಕಂಸದಲ್ಲಿ 'ಫೋರ್ಸ್ಕ್.' ಅಂತ ಅವನ ಹೆಸರಿನ ತುಂಡು ಬರುತ್ತದೆ.

ಯೆಮನ್‌ನ ಬೆಟ್ಟದ ಸೀಮೆಯಲ್ಲಿ ಜ್ವರದಿಂದ ಸತ್ತ ಹುಡುಗ ಬಿಟ್ಟುಹೋದ ಮಾತನ್ನು ನಾನು ಅವಸರದಲ್ಲಿ ನುಂಗಿಬಿಟ್ಟೆ. ಅಕ್ಕನಿಗೆ ಅರ್ಥವಾಗಲ್ಲ ಅಂತ.

ಅದು ನನ್ನ ಎರಡನೇ ತಪ್ಪು. ಮೊದಲನೆಯದಕ್ಕಿಂತ ದೊಡ್ಡದು. ಮಾರನೇ ದಿನ ಅಕ್ಕ ಮತ್ತೆ ಬಂದರು. ಗಿಡದ ನಿಜವಾದ ಹೆಸರು ಏನು ಅಂತ ಕೇಳಿದರು. ಹೇಳಿದೆ. "ಒಬೀಸಮ್ ಅಂದ್ರೆ?" ಅಂದರು. "ದಪ್ಪಗಿರೋದು ಅಂತ ಅಕ್ಕ."

ಒಂದು ಕ್ಷಣ ಸುಮ್ಮನಿದ್ದರು. "ದಪ್ಪ ಬುಡ ಅಂದ್ರೆ ಒಳಗೇ ನೀರು ಇಟ್ಕೊಂಡಿರುತ್ತೆ, ಅಲ್ವಾ? ಹಾಗಂತ ಹೇಳಿದ್ರೆ ವಾರಕ್ಕೊಂದ್ಸಲ ಹಾಕ್ತಿದ್ದೆ."

ಲ್ಯಾಟಿನ್‌ನ ಒಂದಕ್ಷರ ಕಲಿಯದವರು. ಅರ್ಥ ಹೇಳಿದ ಕೂಡಲೇ ಗಿಡಕ್ಕೆ ಏನು ಬೇಕು ಅಂತ ಅವರೇ ಹೇಳಿಬಿಟ್ಟರು. ನಾನು ಏನೂ ವಿವರಿಸಬೇಕಾಗಲಿಲ್ಲ.

ಇಂಥ ಸುಳ್ಳು ಹೆಸರುಗಳು ಎಷ್ಟಿವೆ ನೋಡಿ. ಮಾಸ್ ರೋಸ್ ಗುಲಾಬಿಯಲ್ಲ. ಅದು ಪೋರ್ಟುಲಾಕಾ ಗ್ರಾಂಡಿಫ್ಲೋರಾ, ಗ್ರಾಂಡಿಫ್ಲೋರಾ ಅಂದರೆ ದೊಡ್ಡ ಹೂವಿನದು. ಸುಡುವ ಬಿಸಿಲಲ್ಲೇ ಅದರ ಹೂ ಅರಳುವುದು. ಬೆಟ್ಟದಾವರೆಗೆ ನಾವು ತಾವರೆ ಅಂತೀವಿ, ಇಂಗ್ಲಿಷಿನವರು ರೋಸ್ ಅಂತಾರೆ. ಎರಡೂ ಅಲ್ಲ, ಅದು ದಾಸವಾಳದ ಕುಲದ್ದು. ಹೈಬಿಸ್ಕಸ್ ಮ್ಯುಟಾಬಿಲಿಸ್. ಮ್ಯುಟಾಬಿಲಿಸ್ ಅಂದರೆ ಬದಲಾಗುವುದು. ಬೆಳಗ್ಗೆ ಬಿಳಿಯಾಗಿ ಅರಳಿದ ಹೂ ಸಂಜೆ ಹೊತ್ತಿಗೆ ಕೆಂಪಗಾಗುತ್ತದಲ್ಲ, ಅದನ್ನು ಒಂದೇ ಪದದಲ್ಲಿ ಹೇಳಿದ್ದಾರೆ. ಆಫ್ರಿಕನ್ ಮಾರಿಗೋಲ್ಡ್, ಫ್ರೆಂಚ್ ಮಾರಿಗೋಲ್ಡ್ ಅಂತ ಎರಡು ಚೆಂಡುಹೂ ಇವೆ. ಎರಡೂ ಮೆಕ್ಸಿಕೋ ಕಡೆಯವು. ಲ್ಯಾಟಿನ್ ಹೆಸರು ಊರಿನ ಮಾತೇ ಎತ್ತುವುದಿಲ್ಲ. ಒಂದು ಟ್ಯಾಜಿಟೀಸ್ ಇರೆಕ್ಟಾ, ನೆಟ್ಟಗೆ ಬೆಳೆಯುವುದು. ಇನ್ನೊಂದು ಪ್ಯಾಟುಲಾ, ಹರಡಿಕೊಳ್ಳುವುದು. ಹಿಂದಿನ ಸಾಲಿಗೆ ಯಾವುದು, ಅಂಚಿಗೆ ಯಾವುದು ಅಂತ ಬೇರೆ ಕೇಳುವ ಕೆಲಸವೇ ಇಲ್ಲ.

ಅಂಥ ಪದಗಳು ಒಂದು ಇಪ್ಪತ್ತು ಮೂವತ್ತು ಗೊತ್ತಾದರೆ ಸಾಕು. ರೆಪೆನ್ಸ್ ಅಂದರೆ ತೆವಳುವುದು. ಸ್ಕ್ಯಾಂಡೆನ್ಸ್ ಅಂದರೆ ಹತ್ತುವುದು, ಅದಕ್ಕೆ ಆಸರೆ ಕೊಡಬೇಕು. ನಾನಾ ಅಂದರೆ ಗಿಡ್ಡ. ಪಾಲುಸ್ಟ್ರಿಸ್ ಅಂತಿದ್ದರೆ ಜೌಗು ನೆಲದ್ದು, ಒಣಗಿಸಬಾರದು. ಸ್ಯಾಕ್ಸಟಿಲಿಸ್ ಅಂತಿದ್ದರೆ ಬಂಡೆಗಳ ನಡುವೆ ಬೆಳೆಯುವುದು, ನೀರು ಬೇಗ ಬಸಿಯಬೇಕು. ಒಡೊರಾಟಾ ಅಂದರೆ ಪರಿಮಳ ಇದೆ ಅಂತ. ನಾಕ್ಟರ್ನಮ್ ಅಂದರೆ ರಾತ್ರಿಯದು. ಗಿಡ ತರುವಾಗ ಕುಂಡದ ಚೀಟಿಯಲ್ಲಿ ಇವುಗಳಲ್ಲಿ ಒಂದು ಕಂಡರೂ ಅರ್ಧ ದಾರಿ ತಿಳಿದ ಹಾಗೆ.

ಕೊನೆಯ ಅಕ್ಷರ ಯಾಕೆ ಬದಲಾಗುತ್ತದೆ ಅಂತ ಹಲವರಿಗೆ ಗೊಂದಲ. ಆಲ್ಬಾ, ಆಲ್ಬಸ್, ಆಲ್ಬಮ್ ಮೂರೂ ಬಿಳಿಯೇ. ನಾವು ದೊಡ್ಡವಳು, ದೊಡ್ಡವನು, ದೊಡ್ಡದು ಅನ್ನುವುದಿಲ್ವಾ? ಹಾಗೇ ಇದು. ಎರಡನೇ ಪದ ಕುಲದ ಹೆಸರಿನ ಲಿಂಗಕ್ಕೆ ಹೊಂದಿಕೊಳ್ಳುತ್ತದೆ. ಕನ್ನಡ ಬಲ್ಲವರಿಗೆ ಇದು ಕಷ್ಟವೇ ಅಲ್ಲ. ನಿತ್ಯಪುಷ್ಪವನ್ನೇ ನೋಡಿ. ಲಿನೇಯಸ್ ಇಟ್ಟ ಹೆಸರು ವಿಂಕಾ ರೋಸಿಯಾ. ವಿಂಕಾ ಹೆಣ್ಣು. ಆಮೇಲೆ ಅದು ಕಥರಾಂಥಸ್ ಕುಲಕ್ಕೆ ಹೋಯಿತು, ಅದು ಗಂಡು, ಹಾಗಾಗಿ ರೋಸಿಯಸ್ ಆಯಿತು. ಇಲ್ಲೂ ಗುಲಾಬಿ ಬಂತು, ಆದರೆ ಹೂವಿನ ಬಣ್ಣ ಹೇಳೋಕೆ. ಇದು ಗುಲಾಬಿ ಗಿಡ ಅಂತ ಯಾರಿಗೂ ಅನ್ನಿಸುವುದಿಲ್ಲ.

ಗಿಡ ಮಾರುವವರು ಅದನ್ನು ಈಗಲೂ ವಿಂಕಾ ಅಂತಲೇ ಕೊಡುತ್ತಾರೆ. ಹಿಂದೊಮ್ಮೆ ನಾನೂ ವಿಂಕಾ ಅಂತ ತಂದು, ವಿಂಕಾ ಬೆಳೆಸುವ ಕ್ರಮ ಓದಿ, ನೆರಳಲ್ಲಿ ಇಟ್ಟಿದ್ದೆ. ಓದಿದ್ದು ತಣ್ಣನೆಯ ಸೀಮೆಯ ವಿಂಕಾ ಮೈನರ್ ಬಗ್ಗೆ. ನನ್ನ ಕೈಯಲ್ಲಿದ್ದದ್ದು ಬಿಸಿಲು ಬೇಡುವ ಮಡಗಾಸ್ಕರ್ ಗಿಡ. ಉದ್ದಕ್ಕೆ ಸಣಕಲಾಗಿ ಬೆಳೆಯಿತೇ ಹೊರತು ಹೂ ಬಿಡಲಿಲ್ಲ. ಎಷ್ಟೋ ತಿಂಗಳು ಮಣ್ಣನ್ನು ಬೈದುಕೊಂಡಿದ್ದೆ, ಪಾಪ.

ನನ್ನ ಪರಿಚಯದವರೊಬ್ಬರು ಇದ್ದಾರೆ. "ಲ್ಯಾಟಿನ್ ಹೆಸರು ಹೇಳೋದೆಲ್ಲ ದೊಡ್ಡಸ್ತಿಕೆ, ಹೆಸರು ಗೊತ್ತಿದ್ರೆ ಹೂ ಜಾಸ್ತಿ ಬಿಡುತ್ತಾ?" ಅಂತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಈ ಹೆಸರುಗಳನ್ನು ದೊಣ್ಣೆಯ ಹಾಗೆ ಬೀಸುವವರೂ ಇದ್ದಾರಲ್ಲ. ಯಾರಾದರೂ ಉಚ್ಚಾರಣೆ ತಪ್ಪಿದರೆ ಎಲ್ಲರೆದುರು ತಿದ್ದುವವರು. ಅಂಥವರ ಮೇಲೆ ನನಗೆ ಸ್ವಲ್ಪವೂ ಗೌರವ ಇಲ್ಲ. ಲ್ಯಾಟಿನ್ ಇವತ್ತು ಯಾರ ತಾಯಿನುಡಿಯೂ ಅಲ್ಲ. ದೇಶಕ್ಕೊಂದು ಥರ ಹೇಳುತ್ತಾರೆ. ಬರೆದದ್ದು ಸರಿ ಇದ್ದು, ಕೇಳಿದವರಿಗೆ ಯಾವ ಗಿಡ ಅಂತ ತಿಳಿದರೆ ಸಾಕು. ಆದರೆ ಅವರ ಪ್ರಶ್ನೆಗೆ ಉತ್ತರ ಮಾತ್ರ ಹೌದು. ಹೂ ಜಾಸ್ತಿ ಬಿಡುತ್ತದೆ. ಕಡೇಪಕ್ಷ ಗಿಡ ಕೊಳೆಯುವುದಿಲ್ಲ.

ಲ್ಯಾಟಿನ್ ಹೆಸರುಗಳೆಲ್ಲ ನಿಜ ಹೇಳುತ್ತವೆ ಅಂತಲೂ ನಾನು ಹೇಳಲಾರೆ. ಸಿಲ್ಲಾ ಪೆರುವಿಯಾನಾ ಅಂತ ಒಂದು ನೀಲಿ ಹೂವಿನ ಗೆಡ್ಡೆ ಗಿಡ ಇದೆ. 1753ರಲ್ಲಿ ಲಿನೇಯಸ್ಸೇ ಇಟ್ಟ ಹೆಸರು. ಪೆರುವಿಗೂ ಅದಕ್ಕೂ ಸಂಬಂಧವೇ ಇಲ್ಲ, ಅದು ಮೆಡಿಟರೇನಿಯನ್ ಸಮುದ್ರದ ಪಶ್ಚಿಮ ಭಾಗದ್ದು. ಅರ್ಥ ತಪ್ಪು ಅನ್ನುವ ಕಾರಣಕ್ಕೆ ಹೆಸರು ತೆಗೆಯುವ ಹಾಗಿಲ್ಲ, ಮೊದಲು ಇಟ್ಟಿದ್ದಕ್ಕೇ ಬೆಲೆ. ನಮ್ಮ ಹೆಸರುಗಳೂ ಕಡಿಮೆಯಲ್ಲ. ಸಂಜೆಮಲ್ಲಿಗೆ ಅನ್ನುವ ಹೆಸರು ಅದು ಅರಳುವ ಹೊತ್ತನ್ನೇ ಹೇಳುತ್ತದೆ. ಅದರ ಲ್ಯಾಟಿನ್ ಹೆಸರು ಮಿರಾಬಿಲಿಸ್ ಜಲಾಪಾ. ಮಿರಾಬಿಲಿಸ್ ಅಂದರೆ ಅಚ್ಚರಿಯದು ಅಂತಷ್ಟೇ. ಇಲ್ಲಿ ನಮ್ಮವರೇ ಚೆನ್ನಾಗಿ ನೋಡಿದ್ದಾರೆ. ಮುಟ್ಟಿದರೆ ಮುನಿ ಅಂತೂ ನನಗೆ ತುಂಬಾ ಇಷ್ಟ. ಮಿಮೋಸಾ ಪ್ಯುಡಿಕಾ. ಪ್ಯುಡಿಕಾ ಅಂದರೆ ನಾಚುವಂಥದ್ದು. ಅವರು ನಾಚಿಕೆ ಅಂದರು, ನಾವು ಮುನಿಸು ಅಂದೆವು, ನಾಚಿಕೆ ಮುಳ್ಳು ಅಂತಲೂ ಅಂದೆವು. ಒಬ್ಬರನ್ನೊಬ್ಬರು ನೋಡದ ಜನ, ಒಂದೇ ಎಲೆಯನ್ನು ಬೆರಳಿಂದ ಮುಟ್ಟಿ ಒಂದೇ ಥರ ಬೆರಗಾಗಿದ್ದಾರೆ.

ಗುಲಾಬಿಯಲ್ಲದ್ದಕ್ಕೆ ಗುಲಾಬಿ ಅನ್ನುವಾಗ ಯಾರೂ ಗಿಡವನ್ನು ನೋಡಿರುವುದಿಲ್ಲ. ನಮಗೆ ಮೊದಲೇ ಇಷ್ಟವಾದ ಇನ್ನೊಂದು ಹೂವನ್ನು ಅದರ ಮೇಲೆ ಹೊದಿಸಿರುತ್ತೇವೆ. ಮಾರಲು ಸುಲಭ, ನೆನಪಿಡಲು ಸುಲಭ. ನಾನೂ 7 ವರ್ಷ ಅದನ್ನೇ ಮಾಡಿದ್ದೆ. ಬಂದವರಿಗೆಲ್ಲ ಡೆಸರ್ಟ್ ರೋಸ್ ಅಂತ ತೋರಿಸಿ, ಅವರು "ಅಬ್ಬಾ ಎಷ್ಟು ಚಂದ" ಅಂದಾಗ ಖುಷಿಪಟ್ಟಿದ್ದೆ. ಬುಡ ಯಾಕೆ ಹೀಗಿದೆ ಅಂತ ಯಾರಾದರೂ ಕೇಳಿದರೆ ಮಾತ್ರ ಹೇಳುತ್ತಿದ್ದೆ. ಕೇಳಿದವರು ಎಷ್ಟು ಜನ? ಗುಲಾಬಿ ಅಂದಮೇಲೆ ಯಾರು ಬುಡ ನೋಡುತ್ತಾರೆ?

"ರೋಸ್ ಅಂತ ನೀನೇ ಹೇಳಿದ್ಯಲ್ಲಮ್ಮ." ಆ ಮಾತಲ್ಲಿ ದೂರು ಇರಲಿಲ್ಲ. ಅದೇ ಜಾಸ್ತಿ ನೋವು ಕೊಡುವುದು. ನನ್ನ ಮಾತನ್ನು ಪೂರ್ತಿ ನಂಬಿದ್ದರು.

ಬಂದ ದಿನವೇ ಗಿಡವನ್ನು ಕಿತ್ತು, ಕೈಗವಸು ಹಾಕಿಕೊಂಡು ಕೊಯ್ದೆ. ಅದರ ಹಾಲು ವಿಷ, ಕಣಗಿಲೆಯ ನೆಂಟ ಅಲ್ವಾ. ಆಫ್ರಿಕಾದ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದ ವಿಷ. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಂದೊಂದೇ ಬಿಲ್ಲೆ ತೆಗೆದೆ. ಕಂದು, ಮತ್ತೆ ಕಂದು, ಮತ್ತೂ ಕಂದು. ಒಂದು ಚುಕ್ಕೆ ಕಂದು ಉಳಿದರೂ ಕೊಳೆ ಮತ್ತೆ ಹತ್ತುತ್ತದೆ. ಮುಕ್ಕಾಲು ಪಾಲು ಬುಡ ಹೋದ ಮೇಲೆ ಶುದ್ಧ ಬೆಳ್ಳಗಿನ ಭಾಗ ಸಿಕ್ಕಿತು. ನನ್ನ ಮುಷ್ಟಿಯಷ್ಟು ಉಳಿಯಿತು, ಮೇಲೆ ಎರಡು ಕೊಂಬೆ. ಚಾಕು ಪ್ರತಿ ಸಲ ನಾನೇ ಒರೆಸಬೇಕಿತ್ತು, ಅಕ್ಕ ಬಟ್ಟೆ ಹಿಡಿದು ನಿಂತರು. ಏನೂ ಮಾತಾಡಲಿಲ್ಲ ಇಬ್ಬರೂ.

ಈಗ ಅದು ನೆರಳಲ್ಲಿ, ಗಾಳಿ ಆಡುವ ಕಡೆ, ಕೊಯ್ದ ಮುಖ ಮೇಲೆ ಮಾಡಿ ಒಣಗುತ್ತಿದೆ. ಇವತ್ತಿಗೆ ಆರು ದಿನ. ದಪ್ಪ ಮರಳು, ಸಣ್ಣ ಜಲ್ಲಿ ಬೆರೆಸಿ ಕುಂಡ ತಯಾರು ಮಾಡಿಟ್ಟಿದ್ದೇನೆ. ಇನ್ನೊಂದೆರಡು ದಿನ ಬಿಟ್ಟು ನೆಡಬೇಕು. ನೆಟ್ಟ ಮೇಲೂ ಒಂದು ವಾರ ನೀರು ಹಾಕುವ ಹಾಗಿಲ್ಲ. ಬದುಕುತ್ತೋ ಇಲ್ಲವೋ ಈಗಲೇ ಹೇಳೋಕಾಗಲ್ಲ.

ಇವತ್ತು ಬೆಳಗ್ಗೆ ಅಕ್ಕ ಬಂದು ಹೆಬ್ಬೆರಳಿಂದ ಅದನ್ನು ಮೆಲ್ಲಗೆ ಒತ್ತಿ ನೋಡಿದರು. "ಗಟ್ಟಿಯಿದೆ" ಅಂದರು. ಆಮೇಲೆ ನಂದಬಟ್ಟಲಿನ ಕುಂಡದ ಹತ್ತಿರ ಹೋಗಿ ನಿಂತು, "ಇದಕ್ಕೆ ಏನಂತಾರೆ?" ಅಂತ ಕೇಳಿದರು. ಟೇಬರ್ನೆಮೊಂಟಾನಾ ಡೈವರಿಕಾಟಾ ಅಂದೆ. "ಮೊದಲನೇದು ಬೇಡ, ಎರಡನೇದರ ಅರ್ಥ ಹೇಳು."

"ಕೊಂಬೆ ಅಗಲವಾಗಿ ಚಾಚೋದು ಅಕ್ಕ."

ಗೋಡೆಗೂ ಕುಂಡಕ್ಕೂ ನಡುವಿನ ಜಾಗ ನೋಡಿದರು. "ಹಾಗಾದ್ರೆ ಇದನ್ನ ಇಷ್ಟು ಒತ್ತಿ ಯಾಕಿಟ್ಟಿದ್ದೀಯಾ?" ಅಂದರು. ಇಬ್ಬರೂ ಸೇರಿ ಕುಂಡವನ್ನು ಎರಡಡಿ ಈಚೆಗೆ ಎಳೆದೆವು.